ಒಂಬತ್ತು ಕಡ್ಡಿ

ನನ್ನದು ಹೊಲಿಗೆಯ ಮನೆ. ನಡುಮನೆಯ ತುಂಬ ಚೂರುಬಟ್ಟೆಯ ಮೂಟೆಗಳು. ಅಂಥ ಮನೆಯಲ್ಲಿ ಒಂಬತ್ತು ವರ್ಷದ ನನ್ನ ಮಗಳು ಕುಳ್ಳಿ ಎರಡು ಸಲ ಬೆಂಕಿ ಹಚ್ಚಿದ್ದಳು. ಮೊದಲ ಸಲ ಒಂದು ರಿಬ್ಬನ್ನು, ಎರಡನೆಯ ಸಲ ಒಂದಿಡೀ ಮೂಟೆ. ಮೂರನೆಯದಾದರೆ ಅವಳನ್ನು ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟು ಬರುವುದೇ ಸೈ ಎಂದು ಗಂಡ ಹೇಳಿಬಿಟ್ಟಿದ್ದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅಗ್ನಿಶಾಮಕ ಠಾಣೆಯಲ್ಲಿ ಇಂಥ ಮಕ್ಕಳ ಜೊತೆ ಮಾತಾಡಲೆಂದೇ ಒಬ್ಬ ಅಧಿಕಾರಿಯಿದ್ದರು. ದಪ್ಪ ಮೀಸೆ, ಮೆತ್ತನೆ ದನಿ. ನಾಲ್ಕು ವಾರ ಕುಳ್ಳಿಯನ್ನು ಕರೆದೊಯ್ದೆ. ಬೆಂಕಿಪೊಟ್ಟಣ ಕಂಡರೆ ತಂದು ಅಮ್ಮನ ಕೈಗೆ ಕೊಡಬೇಕು, ಹಚ್ಚಬೇಕೆನಿಸಿದರೆ ಮೊದಲು ಬಾಯಿಬಿಟ್ಟು ಹೇಳಬೇಕು ಎಂದು ಅವಳಿಗೆ ಕಲಿಸಿದರು. ಅವಳು ಹಾಗೆ ಹೇಳಿದ ದಿನ ತಲೆ ಮೇಲೆ ತಲೆ ಬಿದ್ದರೂ ಕೆಲಸ ಬಿಟ್ಟು, ಬೈಯದೆ ಪಕ್ಕದಲ್ಲಿ ಕೂರಬೇಕು ಎಂದು ನನಗೆ ಹೇಳಿದರು. ಪೊಟ್ಟಣಗಳನ್ನೆಲ್ಲ ಬೀಗದೊಳಗಿಡಿ, ಅವಳನ್ನು ಪರೀಕ್ಷೆ ಮಾತ್ರ ಮಾಡಬೇಡಿ ಎಂದರು.

ಬೇಡ ಎಂದಿದ್ದನ್ನೇ ಮಾಡಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವ ಪೈಕಿ ನಾನು. ಶನಿವಾರ ಬೆಳಿಗ್ಗೆ ಪೊಟ್ಟಣಕ್ಕೆ ಹತ್ತು ಕಡ್ಡಿ ಎಣಿಸಿ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿದೆ. ಮೂಗು ಮಾತ್ರ ಹೊಗೆಯ ವಾಸನೆಗೆ ಕಾಯುತ್ತಿತ್ತು.

ಮಧ್ಯಾಹ್ನ ಕುಳ್ಳಿ ಬಂದು ಪೊಟ್ಟಣವನ್ನು ನನ್ನ ಕೈಗಿಟ್ಟಳು. ಕಿಟಕಿ ಹತ್ತಿರ ಸಿಕ್ಕಿತು ಎಂದಳು. ಮುಖದ ತುಂಬ ಹೆಮ್ಮೆ. ಆಗಲೇ ಅವಳನ್ನು ಎತ್ತಿ ಮುದ್ದಾಡಬೇಕಿತ್ತು. ನಾನು ಎಣಿಸಲು ಕೂತೆ. ಒಂಬತ್ತು.

ಮತ್ತೆ ಎಣಿಸಿದೆ. ಒಂಬತ್ತೇ. ಅವಳ ಜೇಬು ತಡಕಿದೆ, ಕೂದಲು ಮೂಸಿದೆ, ಶಾಲೆಯ ಚೀಲ ಸುರಿದೆ, ಹಾಸಿಗೆ ಮಗುಚಿದೆ, ಮೂಟೆಗಳನ್ನೆಲ್ಲ ನೆಲಕ್ಕೆ ಕೊಡವಿದೆ. ಎಲ್ಲಿ ಬಚ್ಚಿಟ್ಟೆ ಎಂದು ಗದರಿದೆ. ತಾನು ತೆಗೆದುಕೊಂಡಿಲ್ಲ ಎಂದು ಅವಳು ಎರಡು ಸಲ ಹೇಳಿದಳು, ಆಮೇಲೆ ಗೋಡೆಗೆ ಒರಗಿ ನಿಂತಳು.

ಕೊನೆಗೆ ಅಡುಗೆಮನೆಯ ಕಸದ ಬುಟ್ಟಿ ಬೋರಲು ಹಾಕಿದೆ. ತರಕಾರಿ ಸಿಪ್ಪೆಯ ನಡುವೆ ಒಂದು ಸುಟ್ಟ ಕಡ್ಡಿ ಇತ್ತು. ಬೆಳಿಗ್ಗೆ, ಎಣಿಸಿದ ಮೇಲೆ, ಕಡ್ಡಿಗಳು ತಂಡಿ ಹಿಡಿದಿವೆಯೇನೋ ಎಂದು ಒಂದನ್ನು ಗೀರಿ ನೋಡಿದ್ದವಳು ನಾನೇ. ಹತ್ತದ ಕಡ್ಡಿ ಇಟ್ಟರೆ ಪರೀಕ್ಷೆ ಸರಿಯಾಗುವುದಿಲ್ಲವಲ್ಲ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕುಳ್ಳಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಕಿಟಕಿ ಹತ್ರ ನೀನೇ ಇಟ್ಟಿದ್ದಾ?”

“ಹೂಂ, ನಾನೇ. ತಪ್ಪಾಯ್ತು ಕಣೇ.”

ಅವಳ ಮುಷ್ಟಿ ಬಿಗಿಯಾಯಿತು.

“ಅಮ್ಮ, ನಂಗೆ ಈಗ ಹಚ್ಚಬೇಕು ಅನ್ನಿಸ್ತಿದೆ. ಈ ಬಟ್ಟೆಗೆಲ್ಲ.”

ಹೊರಗೆ ಗಿರಾಕಿಯೊಬ್ಬಳು ತನ್ನ ಅಂಗಿಗಾಗಿ ಕೂಗುತ್ತಿದ್ದಳು. ನಾನು ಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕುಳ್ಳಿಯನ್ನು ಕರೆದುಕೊಂಡು ಹೋಗಿ ಚೂರುಬಟ್ಟೆಯ ರಾಶಿಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ಬೈಯಲಿಲ್ಲ. ಗಿರಾಕಿ ಕೂಗಿ ಕೂಗಿ ಹೊರಟುಹೋದಳು. ಕುಳ್ಳಿಯ ಮುಷ್ಟಿ ಸಡಿಲವಾಗುವ ತನಕ ನಾನು ಕೂತಲ್ಲಿಂದ ಏಳಲಿಲ್ಲ.