ಮೂಟೆ ಹೊರುವವನ ಮುಖ

"ಇವನು ನಮ್ಮವನಲ್ವಾ?" ಎಂದು ಅತ್ತೆ ಟಿವಿಯ ಕಡೆ ಕೈ ಚಾಚಿದಾಗ ನನ್ನ ಇಸ್ತ್ರಿಪೆಟ್ಟಿಗೆ ವಕೀಲರೊಬ್ಬರ ಬಿಳಿ ಅಂಗಿಯ ಕಾಲರಿನ ಮೇಲಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಪರದೆಯ ಮೇಲೆ ಬದನೆಕಾಯಿಯ ಬೆಲೆ ಹೇಳುತ್ತಿದ್ದ ವರದಿಗಾರ್ತಿ ಬಿಟ್ಟರೆ ಯಾರೂ ಇರಲಿಲ್ಲ. ತಲೆ ತಗ್ಗಿಸುವಷ್ಟರಲ್ಲಿ ಕಾಲರು ಕಂದುಬಣ್ಣಕ್ಕೆ ತಿರುಗಿತ್ತು.

"ಯಾರು?" ಎಂದೆ. ಯಾರೆಂದು ಗೊತ್ತಿದ್ದೇ ಕೇಳಿದೆ. ಅತ್ತೆಗಿರುವುದು ಒಬ್ಬನೇ ಮಗ, ನನ್ನ ಗಂಡ. ಅವನು ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು.

"ಅವಳ ಹಿಂದೆ ಮೂಟೆ ಹೊತ್ಕೊಂಡು ಹೋದ ನೋಡು, ಅವನೇ. ಖಾತ್ರಿ ಆದ್ರೆ ಸಾಕು, ಮಂಡಿ ನೋವಿದ್ರೂ ಪರವಾಗಿಲ್ಲ, ನಾನೇ ಬಸ್ ಹತ್ತಿ ಹೋಗಿ ಕರ್ಕೊಂಡು ಬರ್ತೀನಿ."

ಅವನು ಬರುವುದು ನನಗೆ ಬೇಡವಾಗಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮ ಮನೆಯ ಮುಂಗೋಣೆಯೇ ಅಂಗಡಿ. ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುತ್ತೇವೆ. ಅತ್ತೆ ಮಡಿಸಿ ಗಂಟು ಕಟ್ಟುತ್ತಾರೆ, ನಾನು ನಿಂತು ಉಜ್ಜುತ್ತೇನೆ. ಇಬ್ಬರಿಗೂ ಕಾಣಲಿ ಎಂದು ಟಿವಿಯನ್ನು ಗಂಟುಗಳ ಕಪಾಟಿನ ಮೇಲೆ ಇಟ್ಟಿದ್ದೆವು. ಒಂದು ಹಗಲಿನ ಬಸ್ಸಿನ ದಾರಿಯಷ್ಟು ದೂರದಲ್ಲಿ ಒಂದು ದೊಡ್ಡ ಊರಿದೆ. ಅಲ್ಲಿನ ಸಗಟು ತರಕಾರಿ ಮಾರುಕಟ್ಟೆಯಿಂದ ಒಂದು ಪುಟ್ಟ ಚಾನೆಲ್‌ನವರು ಪ್ರತಿ ಸಂಜೆ ನೇರವಾಗಿ ಬೆಲೆ ಹೇಳುತ್ತಾರೆ. ಕಾಲು ಕೆ.ಜಿ. ಬೀನ್ಸ್ ಕೊಳ್ಳಲು ಹತ್ತು ಸಲ ಯೋಚಿಸುವ ಅತ್ತೆಗೆ ಲಾರಿಗಟ್ಟಲೆ ಬೀನ್ಸಿನ ಬೆಲೆ ಏಕೆ ಬೇಕೋ, ನನಗಂತೂ ತಿಳಿದಿಲ್ಲ. ಒಂದು ಸಂಜೆಯೂ ತಪ್ಪಿಸುತ್ತಿರಲಿಲ್ಲ.

ನನ್ನ ಗಂಡ ಕುಡಿಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ. ಹಾಗಾಗಿ ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ಒಂದು ಚಮಚ ಕೆಳಗೆ ಬಿದ್ದರೆ ಎದ್ದು ಬಂದು ನಿಲ್ಲುತ್ತಿದ್ದ. ನಿಂತು ದಿಟ್ಟಿಸುತ್ತಿದ್ದ, ಅಷ್ಟೇ. ಆಮೇಲೆ ವಾರಗಟ್ಟಲೆ ಮಾತಿಲ್ಲ. ಅವನು ಮಾತು ಬಿಟ್ಟರೆ ಮನೆಯಲ್ಲಿ ಮತ್ತೆ ಯಾರೂ ಮಾತಾಡಕೂಡದು. ಸದ್ದಾಗದಂತೆ ಪಾತ್ರೆಗಳ ನಡುವೆ ಬಟ್ಟೆ ಇಟ್ಟು ಜೋಡಿಸುವುದನ್ನು ನನಗೆ ಕಲಿಸಿಕೊಟ್ಟವರು ಅತ್ತೆಯೇ. ಮಗಳು ಮಾತು ಕಲಿಯುವ ವಯಸ್ಸಿನಲ್ಲಿ ತೊದಲತೊಡಗಿದಳು. ಅಪ್ಪನ ಕಣ್ಣು ಬಿದ್ದರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಯಾವುದಕ್ಕೋ ಮುನಿಸಿಕೊಂಡು ಚೀಲ ಹೆಗಲಿಗೇರಿಸಿ ಹೊರಟವನು ತಿರುಗಿ ಬರಲಿಲ್ಲ. ಅವನು ಹೋದ ಕೆಲವೇ ದಿನಗಳಲ್ಲಿ ಮಗಳು ಬೀದಿನಾಯಿಯೊಂದು ಚಪ್ಪಲಿ ಕದ್ದ ಕತೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಆಮೇಲೆ ಆ ಬಾಯಿಗೆ ಬಿಡುವೇ ಸಿಕ್ಕಿಲ್ಲ. ನಾವು ಅವಳನ್ನು ಗುಬ್ಬಿ ಎಂದು ಕರೆಯುವುದು ಅದಕ್ಕೇ.

ಆ ಸಂಜೆಯಿಂದ ನಮ್ಮಿಬ್ಬರಿಗೂ ಜಟಾಪಟಿ ಶುರುವಾಯಿತು.

"ಅವನಲ್ಲ ಅತ್ತೆ. ಅವನ ಮೈಗೆ ಮೂಟೆ ಹೊರೋ ಕೆಲಸ ಒಗ್ಗುತ್ತಾ?"

"ಹೊಟ್ಟೆ ಎಲ್ಲಾನೂ ಕಲಿಸುತ್ತೆ. ನಡಿಗೆ ಅವನದೇ."

"ಮುಖ ನೋಡಿದ್ರಾ?"

"ತಟ್ಟೆಯಷ್ಟಗಲ ಪರದೇಲಿ ಮುಖ ಎಲ್ಲಿ ಕಾಣುತ್ತೆ?"

ಈ ಮಾತೇ ನನ್ನ ತಲೆ ಕೆಡಿಸಿತು. ದೊಡ್ಡ ಟಿವಿ ತಂದರೆ ಮುಖ ಢಾಳಾಗಿ ಕಾಣುತ್ತದೆ, ಯಾರೋ ಬೇರೆಯವನೆಂದು ಗೊತ್ತಾಗುತ್ತದೆ, ಅತ್ತೆಯ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಟಿವಿ ಮಾರುವ ಅಂಗಡಿಗೆ ಹೋದರೆ, ಸಾಲಾಗಿ ನಿಲ್ಲಿಸಿದ್ದ ಟಿವಿಗಳಲ್ಲಿ ಮೀನುಗಳು ಈಜುತ್ತಿದ್ದವು. ಅವುಗಳ ಮೈಮೇಲಿನ ಒಂದೊಂದು ಹುರುಪೆಯೂ ಕಾಣುತ್ತಿತ್ತು. ಮೀನೇ ಹೀಗೆ ಕಂಡರೆ ಮನುಷ್ಯ ಹೇಗೆ ಕಂಡಾನು! ಹಳೆಯದನ್ನು ಅಲ್ಲೇ ಒಪ್ಪಿಸಿ, ಗೋಡೆಯಗಲದ ಹೊಸದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಸಂಜೆ ಹಚ್ಚಿದರೆ ವರದಿಗಾರ್ತಿಯ ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆಂದೇ ತಿಳಿಯಲಿಲ್ಲ. ಹಿಂದೆ ಓಡಾಡುವವರು ಒದ್ದೆಯಲ್ಲಿ ಬಣ್ಣ ಬಿಟ್ಟ ಬಟ್ಟೆಯ ಹಾಗೆ ಒಬ್ಬರೊಳಗೊಬ್ಬರು ಕಲೆಸಿಹೋಗಿದ್ದರು. ಯಾರಾದರೂ ಬೇಗ ನಡೆದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಅತ್ತೆ ಸ್ಟೂಲು ಎಳೆದುಕೊಂಡು ಹತ್ತಿರ ಹೋದರು, ಇನ್ನೂ ಹತ್ತಿರ ಹೋದರು, ಕೊನೆಗೆ ಪರದೆಗೆ ಮೂಗು ತಗಲಿಸಿ ಕೂತರು. ಆ ಒಂದು ಸಂಜೆಯಲ್ಲೇ ಮೂವರನ್ನು ಮಗನೆಂದರು. ಒಬ್ಬನಿಗೆ ಗಡ್ಡವಿತ್ತು, ಇನ್ನೊಬ್ಬ ಕುಳ್ಳ.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತಿದ್ದೆ. ಪ್ಯಾಂಟುಗಳಿಗೆ ಎರಡೆರಡು ಗೆರೆ ಬಿದ್ದವು. ಬ್ಯಾಂಕಿನವರ ಗಂಟು ನರ್ಸಮ್ಮನ ಮನೆಗೆ ಹೋಯಿತು. ಬೀದಿ ಮೂಲೆಯಲ್ಲಿ ಬಸ್ಸು ಬ್ರೇಕು ಹಾಕಿದ ಸದ್ದಾದರೆ ಸಾಕು, ಕಣ್ಣು ತಾನಾಗಿ ಬಾಗಿಲ ಕಡೆ ಹೊರಳುತ್ತಿತ್ತು. ಇಳಿದವನ ಹೆಗಲಲ್ಲಿ ಚೀಲವಿದ್ದರೆ ಅವನು ಆಚೆ ಬೀದಿಗೆ ತಿರುಗುವವರೆಗೂ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದೇ ನಿಂತಿರುತ್ತಿದ್ದೆ.

ಕೊನೆಗೆ ಅತ್ತೆಯೇ ಕೇಬಲ್‌ನವನನ್ನು ಕರೆಸಿದರು. ಅವನು ವೈರು ಕಿತ್ತು ಹಾಕಿದ, ಡಬ್ಬಿಯ ಹಿಂದೆ ಮುಂದೆ ನೋಡಿದ, ತಲೆ ಕೆರೆದುಕೊಂಡು ನಕ್ಕ.

"ಟಿವಿ ಚೆನ್ನಾಗೇ ಇದೆ ಅಕ್ಕ. ಮಗುವಿನ ಅಂಗಿನ ಎಳೆದು ಪೈಲ್ವಾನನಿಗೆ ತೊಡಿಸಿದ್ದೀರ, ಅಷ್ಟೇ."

"ಬಿಡಿಸಿ ಹೇಳಪ್ಪ," ಎಂದರು ಅತ್ತೆ.

"ಚಿತ್ರ ಅಂದ್ರೆ ಚುಕ್ಕಿಗಳು ಅಮ್ಮ. ಈ ಚಾನೆಲ್‌ನವರು ಕಳಿಸೋದು ಹಳೇ ಟಿವಿಗೆ ಸಾಲೋಷ್ಟು ಚುಕ್ಕಿ. ಈ ಪರದೇಲಿ ಅದರ ಐದು ಪಟ್ಟು ಚುಕ್ಕಿಗೆ ಜಾಗ ಇದೆ. ಖಾಲಿ ಬಿಡೋ ಹಾಗಿಲ್ವಲ್ಲ. ಅಕ್ಕಪಕ್ಕ ಏನಿದೆ ಅಂತ ನೋಡಿ, ನಡುವೆ ಇಂಥದ್ದು ಇರಬಹುದು ಅಂತ ಟಿವಿನೇ ಅಂದಾಜಲ್ಲಿ ತುಂಬಿಸುತ್ತೆ. ಅದರ ಮೇಲೆ ಇವರು ಖರ್ಚು ಉಳಿಸೋಕೆ ಚಿತ್ರನ ಹಿಂಡಿ ಹಿಂಡಿ ಕಳಿಸ್ತಾರೆ. ಹಳೇ ಟಿವಿ ಮಂದ, ಹುಳುಕೆಲ್ಲ ಮುಚ್ಚಿಹಾಕ್ತಿತ್ತು. ಇದು ಚಾಡಿಕೋರ, ಒಂದೂ ಬಿಡದೆ ಹೇಳಿಬಿಡುತ್ತೆ."

"ಅಂಗಡೀಲಿ ಮೀನು ಅಷ್ಟು ಚೆನ್ನಾಗಿ ಕಾಣ್ತಿತ್ತಲ್ಲ?" ಎಂದೆ.

"ಅದನ್ನ ಇಂಥ ಪರದೆಗೆ ಅಂತಲೇ ತೆಗೆದಿರ್ತಾರೆ. ಚುಕ್ಕಿಗೆ ಚುಕ್ಕಿ ಸರಿಹೋಗುತ್ತೆ. ಈ ಚಾನೆಲ್‌ನವರಿಗೆ ಹೆಚ್‌ಡಿ ಎಲ್ಲಿಂದ ಬರಬೇಕು? ಬೆಲೆ ಹೇಳೋ ಆ ಹುಡುಗಿಗೆ ಕೂರೋಕೆ ಕುರ್ಚಿ ಕೊಟ್ಟಿಲ್ಲ."

ಅತ್ತೆ ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಹಾಗಾದ್ರೆ ನಾನು ನೋಡ್ತಿರೋ ಮುಖ ನಿಜವಾದ್ದಲ್ವಾ?" ಎಂದು ಕೇಳಿದರು.

"ಸ್ವಲ್ಪ ನಿಜ ಅಮ್ಮ. ಉಳಿದಿದ್ದು ಟಿವಿಯ ಊಹೆ."

ಒಂದು ಗಳಿಗೆ ನನಗೆ ಹಾಯೆನಿಸಿತು. ಮುಖ ಎಂದೂ ಸ್ಪಷ್ಟವಾಗುವುದಿಲ್ಲ. ಖಾತ್ರಿಯಾಗದೆ ಅತ್ತೆ ಬಸ್ಸು ಹತ್ತುವುದಿಲ್ಲ. ಇನ್ನೇನು ಬೇಕು? ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಖಾತ್ರಿಯಾಗದಿದ್ದರೆ ಪ್ರತಿ ಸಂಜೆಯೂ ಇದೇ. ಇದೇ ಸ್ಟೂಲು, ಇದೇ ಮೂಟೆ, ಬಸ್ಸು ನಿಂತಾಗಲೆಲ್ಲ ಇದೇ ಬಾಗಿಲು. ಅವನು ಬಾರದೆಯೂ ಈ ಮನೆಯಲ್ಲೇ ಇದ್ದ ಹಾಗಾಗುತ್ತದೆ. ಅದಕ್ಕಿಂತ ಗೊತ್ತಾಗಿಬಿಡುವುದೇ ಮೇಲು ಎನಿಸಿತು.

"ಇದರಲ್ಲೇ ಚಿತ್ರನ ಚಿಕ್ಕದಾಗಿ ತೋರಿಸೋಕೆ ಆಗಲ್ವಾ?" ಎಂದು ನಾನೇ ಕೇಳಿದೆ.

"ಹಿಗ್ಗಿಸದೆ, ಬಂದಷ್ಟನ್ನೇ ತೋರಿಸು ಅಂತ ಹೇಳ್ಬಹುದು. ನಿಮ್ಮ ಸೆಟ್ಟಲ್ಲಿ ಆ ಸೌಕರ್ಯ ಇದೆ." ರಿಮೋಟಿನಲ್ಲಿ ಏನೇನೋ ಒತ್ತಿದ. ಚಿತ್ರ ಕುಗ್ಗಿ ಪರದೆಯ ನಡುವೆ ಕೂತಿತು. ಸುತ್ತಲೂ ಕಪ್ಪು. "ಆ ಕೊನೆ ಗೋಡೆ ಹತ್ರ ಕೂತು ನೋಡಿ. ಹತ್ತಿರ ಹೋದಷ್ಟೂ ಕೆಡುತ್ತೆ."

"ಇಷ್ಟು ನೋಡೋಕೆ ಅಷ್ಟು ದೊಡ್ಡದು ತಂದ್ಯಾ?" ಎಂದು ಅತ್ತೆ ನನ್ನನ್ನು ಕುಟುಕಿದರು.

ಆ ಸಂಜೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅತ್ತೆಯ ಪಕ್ಕದಲ್ಲಿ ಗೋಡೆಗೊರಗಿ ಕೂತೆ. ಗುಬ್ಬಿ ಒಳಗಿನ ಕೋಣೆಯಲ್ಲಿ ಒಂಟೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ವರದಿಗಾರ್ತಿ ಬಂದಳು. ಚಿತ್ರ ಪುಟ್ಟದಾದರೂ ಅವಳ ಹಣೆಯ ಬೆವರು ಕಾಣುವಷ್ಟು ನಿಚ್ಚಳವಾಗಿತ್ತು. ಟೊಮೇಟೊ ಬೆಲೆ ಇಳಿದಿದೆ ಎಂದಳು. ಹಿಂದೆ ಒಬ್ಬ ಹೋದ, ಇನ್ನೊಬ್ಬ ಹೋದ. ಮೂರನೆಯವನು ಮೂಟೆಯನ್ನು ಇಳಿಸಿದ. ನೆಟ್ಟಗಾಗುವ ಮುಂಚೆ ಅಂಗೈಯ ಹಿಂಬದಿಯಿಂದ ಒಂದು ಹುಬ್ಬು ಒರೆಸಿಕೊಂಡ, ಆಮೇಲೆ ಇನ್ನೊಂದು, ಆಮೇಲೆ ಆ ಕೈಯನ್ನೇ ಮೂಸಿ ನೋಡಿದ. ಹಾಗೆ ಮಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಈ ಲೋಕದಲ್ಲಿ ಕಂಡಿಲ್ಲ. ಯಾರೋ ಕೂಗಿರಬೇಕು, ಈ ಕಡೆ ತಿರುಗಿದ. ಹೆಬ್ಬೆರಳಿನಷ್ಟು ಮುಖ. ನನ್ನ ಗಂಡನೇ.

ಅತ್ತೆಯ ಬೆರಳುಗಳು ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದವು. ಯಾವಾಗ ಹಿಡಿದರೋ ಗೊತ್ತಿಲ್ಲ, ಉಗುರು ಚುಚ್ಚುತ್ತಿತ್ತು. ಒಳಗೆ ಗುಬ್ಬಿ ಒಂಟೆಯ ಹೆಸರು ಹಿಡಿದು ಏನೋ ತಮಾಷೆ ಮಾಡಿಕೊಂಡು ತಾನೇ ಗೊಳ್ಳೆಂದು ನಕ್ಕಳು. ನಕ್ಕು ಮುಗಿಸಿ ಮತ್ತೆ ಓದತೊಡಗಿದಳು. ಒಂದು ಪದವೂ ತಡೆಯುತ್ತಿರಲಿಲ್ಲ. ಅತ್ತೆ ಟಿವಿಯಿಂದ ಮುಖ ತಿರುಗಿಸಿ ಆ ಬಾಗಿಲನ್ನೇ ನೋಡುತ್ತ ಕೂತರು. ಪರದೆಯಲ್ಲಿ ಸಿಮೆಂಟಿನ ಜಾಹೀರಾತು ಬಂತು.

"ಎಷ್ಟು ಚೆನ್ನಾಗಿ ಓದ್ತಾಳೆ ಅಲ್ವಾ," ಎಂದರು.

"ಹೂಂ."

"ಅವನಲ್ಲ ಬಿಡು."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಸರಿಯಾಗಿ ನೋಡಿದ್ರಾ ಅತ್ತೆ?"

"ನೋಡ್ದೆ. ಹೆತ್ತವಳಿಗೆ ಗೊತ್ತಾಗಲ್ವಾ? ಯಾರೋ ಬೇರೆಯವನು. ಇನ್ಮೇಲೆ ಈ ಚಾನೆಲ್ ಹಾಕ್ಬೇಡ. ಬೀನ್ಸಿನ ಬೆಲೆ ಕಟ್ಕೊಂಡು ನಮಗೇನಾಗ್ಬೇಕು?" ರಿಮೋಟನ್ನು ನನ್ನ ಮಡಿಲಿಗೆ ಹಾಕಿ ಮಂಡಿ ನೀವಿಕೊಂಡರು. ನಾನು ಅವರ ಕೈ ಹಿಡಿಯಲು ಹೋದೆ, ಅವರು ಕೊಡಲಿಲ್ಲ.

ಅಷ್ಟರಲ್ಲಿ ಗುಬ್ಬಿ ಪುಸ್ತಕ ಹಿಡಿದೇ ಓಡಿಬಂದಳು. "ಟಿವಿ ಯಾಕಜ್ಜಿ ಇಷ್ಟು ಪುಟ್ಟದಾಗಿಹೋಗಿದೆ? ಕೆಟ್ಟೋಯ್ತಾ? ಯಾರನ್ನ ನೋಡ್ತಿದ್ರಿ ನೀವಿಬ್ರೂ? ನನ್ನನ್ನ ಯಾಕೆ ಕರೀಲಿಲ್ಲ?"

ಅತ್ತೆ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ತಲೆಯ ಮೇಲೆ ಗಲ್ಲ ಊರಿದರು.

"ಯಾರೋ ಮೂಟೆ ಹೊರೋನು ಮರಿ," ಎಂದರು. "ತುಂಬ ಸೊರಗಿಹೋಗಿದಾನೆ."