ಬೇರು ಹಿಡಿಯುವ ತನಕ

ಹುಲ್ಲು ನೋಡಿಕೊಳ್ಳುವುದಕ್ಕೂ ಒಬ್ಬ ಆಳು ಬೇಕಂತೆ ಎಂದು ಕೇಳಿದಾಗ ಗಾದ್ರಪ್ಪ ಮೊದಲು ನಂಬಲಿಲ್ಲ. ಜಗಳೂರು ಸೀಮೆಯ ಹೊಲದಲ್ಲಿ ಮೂವತ್ತು ವರ್ಷ ಹುಲ್ಲು ಕಿತ್ತು ಬದುವಿಗೆ ಎಸೆದ ಕೈ ಅವನದು. ಈಗ ಚನ್ನಗಿರಿಯಿಂದ ಬಸವಾಪಟ್ಟಣಕ್ಕೆ ಹೋಗುವ ದಾರಿಯ ಹೊಸ ಪ್ರಾರ್ಥನಾ ಮಂದಿರದ ಮುಂದೆ, ನ್ಯಾಮತಿ ಕಡೆಯ ನರ್ಸರಿಯಿಂದ ಲಾರಿಯಲ್ಲಿ ಬಂದ ಹುಲ್ಲಿನ ಹಾಸನ್ನು ಚಾಪೆ ಚಾಪೆಯಾಗಿ, ಅಂಚಿಗೆ ಅಂಚು ತಾಗಿಸಿ, ಅವನೇ ಮೊಣಕಾಲೂರಿ ಹಾಸಿದ್ದ.

ಮಂದಿರ ಕಟ್ಟಿಸಿದ ಬೆನಕಪ್ಪನವರು ಅಡಿಕೆ ಬೆಳೆಗಾರರು. ಅವರದು ಮಾತು ಕಡಿಮೆ.

"ಒಂದು ತಿಂಗಳು ನೋಡ್ತೀನಿ ಗಾದ್ರಪ್ಪ. ಹುಲ್ಲು ಬೇರು ಹಿಡೀತು ಅಂದ್ರೆ ಹಿಂದಿನ ರೂಮು ನಿಂದೇ, ಹೆಂಡ್ತೀನ ಕರ್ಕಂಡು ಬಾ. ಹಿಡೀಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಬೇಕಾಗ್ತೈತೆ."

ಹೆಂಡತಿ ಭೀಮಕ್ಕ ಜಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ಮದುವೆಯಾದ ಮೇಲೆ ಇಬ್ಬರೂ ಹೀಗೆ ಬೇರೆ ಬೇರೆ ಊರಲ್ಲಿ ಉಂಡು ಮಲಗಿದ್ದು ಇದೇ ಮೊದಲು.

ಹುಲ್ಲು ತಂದ ನರ್ಸರಿಯವನು ಮೂರು ಮಾತು ಹೇಳಿ ಹೋಗಿದ್ದ. ಯಾರೂ ತುಳಿಯಬಾರದು. ಮೊದಲ ಎರಡು ವಾರ ಹಾಸು ಒಣಗಬಾರದು. ಆಮೇಲೆ ನೀರು ಕಡಿಮೆ ಮಾಡಬೇಕು. ಮೊದಲಿನ ಎರಡನ್ನು ಗಾದ್ರಪ್ಪ ಮಂತ್ರದಂತೆ ಪಾಲಿಸಿದ. ಮೂರನೆಯದು ಅವನ ತಲೆಯಲ್ಲಿ ನಿಲ್ಲಲಿಲ್ಲ. ನೀರು ಕಡಿಮೆ ಮಾಡು ಎಂಬ ಮಾತು ಬರದ ಸೀಮೆ ಜಗಳೂರಿನವನ ಕಿವಿಗೆ ಇಳಿಯುವಂಥದ್ದಲ್ಲ. ಇಲ್ಲಿ ನಲ್ಲಿ ತಿರುಗಿಸಿದರೆ ನೀರು ಧುಮುಕುತ್ತಿತ್ತು. ಅವನು ಮೊದಲು ನಲ್ಲಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಪೈಪು ಹಿಡಿಯುತ್ತಿದ್ದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ.

ಮೂರನೆಯ ವಾರ ಮೆಟ್ಟಿಲ ಪಕ್ಕ ಅಂಗೈ ಅಗಲದ ಹಳದಿ ಕಾಣಿಸಿತು. ಎರಡೇ ದಿನದಲ್ಲಿ ಮೊರದಷ್ಟಾಯಿತು. ಗಾದ್ರಪ್ಪ ನಾಲ್ಕನೆಯ ಸಲವೂ ನೀರು ಬಿಡತೊಡಗಿದ.

ಬೆನಕಪ್ಪನವರು ಬಂದು ನಿಂತು ನೋಡಿದರು. "ಏನಯ್ಯಾ, ಹುಲ್ಲಿಗೆ ಅರಿಶಿಣದ ಶಾಸ್ತ್ರ ಮಾಡ್ಸಿದೀಯ?"

"ನೀರು ಸಾಲ್ತಿಲ್ಲ ಅನ್ಸುತ್ತೆ ಯಜಮಾನ್ರೆ."

ಅವರ ಜೊತೆ ಬಂದಿದ್ದ ಹೆಂಡತಿ ಶಿವಗಂಗಮ್ಮ ಹೂವಿನ ಬುಟ್ಟಿ ಮೆಟ್ಟಿಲ ಮೇಲಿಟ್ಟು ಬಗ್ಗಿದರು. ಹಾಸಿನ ಒಂದು ಮೂಲೆ ಹಿಡಿದು ಎತ್ತಿದರೆ ಕಾವಲಿಯಿಂದ ದೋಸೆ ಎದ್ದಂತೆ ಎದ್ದು ಬಂತು. ಕೆಳಗೆ ಬೇರು ಕಪ್ಪಾಗಿತ್ತು.

"ಮೂಸಿ ನೋಡು."

ಗಾದ್ರಪ್ಪ ಮೂಸಿದ. ನೆನೆಹಾಕಿ ಮರೆತ ಕಾಳಿನ ವಾಸನೆ.

"ತೋಟದಾಗೆ ಬಸಿಗಾಲುವೆ ಯಾಕೆ ತೆಗೆಸ್ತೀವಿ ಅನ್ಕಂಡೆ? ಬೇರಿಗೆ ಉಸಿರಾಡಾಕೂ ಬಿಡ್ಬೇಕಪ್ಪ. ಮೇಲೇ ಕುಂತು ಕುಡಿಯಾಕೆ ಸಿಕ್ರೆ ಅದ್ಯಾಕೆ ಕೆಳಗೆ ಇಳೀತೈತೆ?"

"ಹಂಗಾರೆ ಏನ್ಮಾಡ್ಲಿ ಅಮ್ಮಾರೆ?"

"ಕಂಬಿ ತಗಂಡು ಅಲ್ಲಲ್ಲಿ ತೂತು ಮಾಡಿ ಮರಳು ಉದುರ್ಸು. ಐದು ದಿನ ಪೈಪ್ ಮುಟ್ಟಬ್ಯಾಡ. ಆಮೇಲೂ ಎರಡು ದಿನಕ್ಕೊಂದ್ಸಲ, ಬೆಳಿಗ್ಗೆ ಹೊತ್ತು, ಆಳಕ್ಕೆ ಇಳಿಯಂಗೆ ಬಿಡು. ಸಾಕು."

ಗಾದ್ರಪ್ಪ ಅವತ್ತೇ ಕಂಬಿಯಿಂದ ತೂತು ಮಾಡಿ ಮರಳು ಉದುರಿಸಿದ. ತಿಂಗಳಿಗೆ ಇನ್ನು ಒಂಬತ್ತು ದಿನ ಉಳಿದಿತ್ತು.

ಗಾದ್ರಪ್ಪ ಶಿವರಾತ್ರಿಗೆ ಹನಿ ನೀರು ಮುಟ್ಟದೆ ಇದ್ದವನು. ತಾನು ಉಪವಾಸ ಇರುವುದು ಸುಲಭ. ಪಕ್ಕದಲ್ಲೇ ನೀರಿಟ್ಟುಕೊಂಡು ಇನ್ನೊಂದು ಜೀವವನ್ನು ಉಪವಾಸ ಕೂರಿಸುವುದು ಅವನಿಗೆ ಪಾಪ ಮಾಡಿದಂತೆ ಅನ್ನಿಸಿತು. ಮೂರನೆಯ ದಿನ ಎಸಳ ತುದಿಗಳು ಸುರುಳಿಯಾದವು. ಅವನು ಪೈಪನ್ನು ಸುತ್ತಿ, ಕೈಗೆ ಸುಲಭಕ್ಕೆ ಎಟುಕದ ಮೊಳೆಗೆ ನೇತುಹಾಕಿ, ಜಗಲಿಯಲ್ಲಿ ಕೂತು ಭೀಮಕ್ಕನಿಗೆ ಫೋನು ಮಾಡಿದ.

"ನೀರು ಕೊಡದೆ ಹುಲ್ಲು ಬದುಕೋದು ನಾನೆಲ್ಲಿ ನೋಡೀನಿ ಹೇಳು."

"ನಮ್ ಹೊಲದಾಗೆ ನೋಡಿಲ್ಲೇನು?" ಎಂದಳು ಅವಳು. "ಗರಿಕೆಗೆ ಯಾರು ಕೊಡ ಹೊತ್ತು ಹಾಕಿದ್ರು? ಕಿತ್ತು ಕಿತ್ತು ನಿಮ್ ಉಗುರು ಸವೆದ್ವು, ಅದು ಸತ್ತೇನು? ಸುಮ್ನೆ ಕುಂತ್ಕಳ್ರಿ. ಅದರದ್ದನ್ನ ಅದು ನೋಡ್ಕಂತೈತೆ."

ಗಾದ್ರಪ್ಪನಿಗೆ ನಗು ಬಂತು. ಅವತ್ತು ಸಂಜೆ ಮಂದಿರದೊಳಗೆ ಕೈಮುಗಿದು ನಿಂತಾಗ, ಹುಲ್ಲು ಚಿಗುರಿಸು ಎಂದು ಕೇಳಲಿಲ್ಲ. ಪೈಪಿನ ಕಡೆ ಹೋಗದಂತೆ ನನ್ನ ಕೈ ಹಿಡಿದುಕೋ ಎಂದಷ್ಟೇ ಕೇಳಿದ.

ಐದು ದಿನ ಕಳೆದ ಮೇಲೆ ಸೂರ್ಯ ಹುಟ್ಟುವ ಮುಂಚೆ, ನಿಧಾನಕ್ಕೆ, ನೆಲ ಕುಡಿಯುವಷ್ಟೇ ನೀರು ಬಿಟ್ಟ.

ತಿಂಗಳು ತುಂಬಿದ ಬೆಳಿಗ್ಗೆ ಬೆನಕಪ್ಪನವರು ಬಂದವರೇ ಮೆಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಸಿನ ಮೂಲೆ ಹಿಡಿದು ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು. ನಾಲ್ಕು ಎಸಳು ಹರಿದು ಬಂದವು, ನೆಲ ಅಲುಗಲಿಲ್ಲ. ಹಳದಿ ಬಿದ್ದಲ್ಲಿ ಒಂದು ಚಾಪೆಯಷ್ಟು ಮಾತ್ರ ಸತ್ತಿತ್ತು. ಅದರ ಸುತ್ತಲಿಂದ ಹೊಸ ಕುಡಿಗಳು ಆಗಲೇ ಒಳಕ್ಕೆ ಹರಿಯುತ್ತಿದ್ದವು.

"ಅದೊಂದು ಜಾಗ?" ಎಂದರು.

"ನಾನು ಕೊಂದಿದ್ದು ಯಜಮಾನ್ರೆ. ಅದೇ ತುಂಬ್ಕಂತೈತೆ, ಬಿಡ್ರಿ."

ಬೆನಕಪ್ಪನವರು ಕೈ ಒರೆಸಿಕೊಂಡು ಎದ್ದರು. "ಹೆಂಡ್ತಿಗೆ ಫೋನ್ ಮಾಡು. ಸೋಮವಾರದ ಒಳಗೆ ಬಂದ್ಬಿಡ್ಲಿ."

ಭೀಮಕ್ಕ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಒಂದು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಹೊತ್ತು ಬಂದಿಳಿದಳು. ರೂಮು ಗುಡಿಸಿ, ಒಲೆ ಹೂಡಿ, ಹೊರಗೆ ಬಂದಾಗ ಸಂಜೆಯ ಭಜನೆಗೆ ಬಂದವರು ಮೊದಲ ಸಲ ಹುಲ್ಲಿನ ಮೇಲೆ ಕೂರುತ್ತಿದ್ದರು. ಗಾದ್ರಪ್ಪ ಕಂಬಕ್ಕೊರಗಿ ನಿಂತು, ಯಾರ ಹಿಮ್ಮಡಿ ಎಲ್ಲಿ ಊರುತ್ತದೆ ಎಂದು ನೋಡುತ್ತಲೇ ಇದ್ದ.

"ಬಂದು ಕುಂತ್ಕಳ್ರಿ," ಎಂದಳು ಭೀಮಕ್ಕ. "ಅವ್ರೇನು ಮೇಯಾಕೆ ಬಂದಿಲ್ಲ."

ಅವನು ಚಪ್ಪಲಿ ಬಿಟ್ಟು, ಅಂಚಿನಲ್ಲಿ ಅವಳ ಪಕ್ಕ ಮೆಲ್ಲಗೆ ಕೂತ. ಕೆಳಗೆ ನೆಲ ತಣ್ಣಗಿತ್ತು.