ಹೇಸರಗತ್ತೆಯ ಮೂರನೆಯ ಚರಣ

ಸತ್ತವರನ್ನು ಹೊಗಳುವ ವಿಷಯಕ್ಕೆ ಬಂದರೆ ಸಗಮಿ ಕನ್ನಡ ಬಳಗದ ಅಧ್ಯಕ್ಷ ಹರಿಹರನಷ್ಟು ಚುರುಕಿನ ಮನುಷ್ಯ ಇಡೀ ಜಪಾನಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಬದುಕಿದ್ದವರ ಕಡೆ ಕತ್ತೆತ್ತಿಯೂ ನೋಡದ ಈ ಪುಣ್ಯಾತ್ಮ, ಯಾರಾದರೂ ತೀರಿಕೊಂಡರೆಂದು ಗೊತ್ತಾದರೆ ಸಾಕು, ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ನಿಂತಲ್ಲಿಂದಲೇ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿ, ಭಾನುವಾರಕ್ಕೆ ನುಡಿನಮನ ಗೊತ್ತುಮಾಡಿಬಿಡುತ್ತಿದ್ದ. ಏಮೋಸ್ ಲ್ಯಾಡ್ನರ್ ಹೋದಾಗಲೂ ಹಾಗೇ ಮಾಡಿದ. ಆ ಫೋಟೋ ನೋಡಿ ಕಾತ್ಯಾಯಿನಿಗೆ ಮೈಯೆಲ್ಲ ಉರಿದುಹೋಯಿತು.

ಫೋಟೋದಲ್ಲಿ ಏಮೋಸ್ ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ಹರಿಹರ. ಕೆಳಗೆ, ‘ನಮ್ಮ ಬಳಗವು ಬದುಕಿದ್ದಾಗಲೇ ಗುರುತಿಸಿ ಗೌರವಿಸಿದ ಮಹಾನ್ ಜಾಝ್ ಗಾಯಕ’ ಎಂಬ ಸಾಲು. ಏಮೋಸ್ ತಮ್ಮ ಜನ್ಮದಲ್ಲಿ ಒಂದೇ ಒಂದು ಜಾಝ್ ಹಾಡು ಹಾಡಿದವರಲ್ಲ. ಅವರು ಹಾಡುತ್ತಿದ್ದದ್ದು ಕಂಟ್ರಿ, ಎಂದರೆ ಅಮೆರಿಕದ ಹಳ್ಳಿಗಾಡಿನ ಹಾಡು, ಗಿಟಾರು ಪಿಟೀಲು ಇಟ್ಟುಕೊಂಡು ಹೊಲ, ಕುದುರೆ, ಬಿಟ್ಟುಹೋದ ಹೆಂಡತಿ ಎಲ್ಲವನ್ನೂ ಹೇಳಿಕೊಳ್ಳುವ ಹಾಡು. ಅದು ಕೌಬಾಯ್ ಟೋಪಿಯ ಬಿಳಿಯರ ಸ್ವತ್ತು ಎಂದು ಲೋಕವೇ ತೀರ್ಮಾನಿಸಿದ್ದಾಗ, ಅಲಬಾಮಾದ ಹತ್ತಿ ಹೊಲದ ಆಳಿನ ಮಗನಾದ ಈ ಕಪ್ಪು ಮನುಷ್ಯ ಅದೇ ಟೋಪಿ ಹಾಕಿಕೊಂಡು ವೇದಿಕೆ ಹತ್ತಿದ್ದರು.

ಸಗಮಿಹಾರಾದ ಅಮೆರಿಕನ್ ಸೈನ್ಯದ ಉಗ್ರಾಣಕ್ಕೆ ಸಿಪಾಯಿಯಾಗಿ ಬಂದವರು, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ಇಲ್ಲೇ ನಿಂತರು. ಮೊದಲ ರೆಕಾರ್ಡು ಬಂದಾಗ ಕಂಪನಿಯವರು ಹೊದಿಕೆಯ ಮೇಲೆ ಇವರ ಮುಖ ಹಾಕದೆ ಒಂದು ಕುದುರೆಯ ಚಿತ್ರ ಹಾಕಿದ್ದರಂತೆ. ದನಿ ಕೇಳಿ ಮೆಚ್ಚಿ ಕಾರ್ಯಕ್ರಮಕ್ಕೆ ಕರೆಸಿದವರು ಮುಖ ನೋಡಿ ವಾಪಸು ಕಳಿಸಿದ್ದೂ ಉಂಟು. ಬಾರುಗಳಲ್ಲಿ ಕುಡಿದವರು, ಕುಣಿಯೋ ಹಾಡು ಹಾಡಪ್ಪಾ, ಇದೆಲ್ಲ ನಿನಗೇಕೆ ಎನ್ನುತ್ತಿದ್ದರು. ಇವರು ಕೇಳಲಿಲ್ಲ. ಇವರು ತುಳಿದ ದಾರಿಯಲ್ಲಿ ಆಮೇಲೆ ಅಮೆರಿಕದಲ್ಲಿಯೇ ಎಷ್ಟೋ ಕಪ್ಪು ಗಾಯಕರು ನಡೆದುಬಂದರು ಎಂದು, ಸತ್ತ ಮೇಲೆ, ಅಲ್ಲಿಯ ಪತ್ರಿಕೆಯೊಂದು ಅರ್ಧ ಪುಟ ಬರೆಯಿತು. ಆ ಅರ್ಧ ಪುಟವನ್ನು ಯಾರೋ ಹರಿಹರನಿಗೆ ಕಳಿಸಿದ್ದರು. ಪ್ರೀತಿ ಉಕ್ಕಿದ್ದು ಆವಾಗ.

ಕಾತ್ಯಾಯಿನಿಯ ಕತೆ ಬೇರೆ. ಮೈಸೂರಿನಲ್ಲಿ ಪಿಟೀಲು ಕಲಿತವಳು, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಎಂಜಿನಿಯರ್ ಪ್ರದೀಪನನ್ನು ಕಟ್ಟಿಕೊಂಡು ಇಲ್ಲಿಗೆ ಬಂದ ಮೇಲೆ ಪಿಟೀಲಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಳು. ಪಿಟೀಲಿನವರು ಬೇಕಾಗಿದ್ದಾರೆ ಎಂದು ಬಡಾವಣೆಯ ಸಮುದಾಯ ಭವನದಲ್ಲಿ ಏಮೋಸ್ ಚೀಟಿ ಅಂಟಿಸಿದ್ದನ್ನು ನೋಡಿ ಒಂದು ಗುರುವಾರ ಅಳುಕುತ್ತಲೇ ಹೋದಳು. ನಿಂತು ನುಡಿಸಲು ಅವಳಿಗೆ ಬಾರದು. ನೆಲದ ಮೇಲೆ ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟುಕೊಂಡಾಗ ಅಲ್ಲಿದ್ದವರು ನಕ್ಕರು. ಏಮೋಸ್ ನಗಲಿಲ್ಲ. ಕುರ್ಚಿ ಬಿಟ್ಟು, ಮಂಡಿನೋವಿಗೆ ಮುಲುಗುತ್ತಲೇ ಅವಳೆದುರು ನೆಲಕ್ಕೆ ಕೂತರು. ಅವತ್ತಿನಿಂದ ಆರು ವರ್ಷ, ಪ್ರತಿ ಗುರುವಾರ, ಹಾಗೇ ಕೂತರು. ಅವಳಿಗೆ ಜಪಾನು ಊರು ಅನ್ನಿಸಿದ್ದು ಆ ಕೋಣೆಯಲ್ಲಿ ಮಾತ್ರ.

ಅವರ ಸ್ವಂತದ ಒಂದು ಹಾಡಿತ್ತು. ಮೂರೇ ಚರಣ. ಮೊದಲನೆಯದರಲ್ಲಿ ಅಪ್ಪ ಒಂದು ಹೇಸರಗತ್ತೆಯನ್ನು ಮಗನಂತೆ ಸಾಕುತ್ತಾನೆ. ಎರಡನೆಯದರಲ್ಲಿ ಬರಗಾಲ ಬಂದು, ಅದನ್ನು ಮಾರಿಬಿಡುತ್ತಾನೆ. ಮೂರನೆಯದರಲ್ಲಿ ಆ ಪ್ರಾಣಿ ಹಗ್ಗ ಕಿತ್ತುಕೊಂಡು, ಹೊಳೆ ದಾಟಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ದನಿ ಎಷ್ಟು ಮೇಲಕ್ಕೆ ಹೋಗುತ್ತಿತ್ತೆಂದರೆ ಕಾತ್ಯಾಯಿನಿಯ ಪಿಟೀಲು ಪ್ರತಿ ಸಲವೂ ಅದರ ಬೆನ್ನು ಹತ್ತಿ ಓಡಬೇಕಾಗುತ್ತಿತ್ತು. ಮೂರನೆಯ ಚರಣಕ್ಕಾಗಿಯೇ ಉಳಿದೆರಡನ್ನೂ ಬರೆದದ್ದು ಎನ್ನುತ್ತಿದ್ದರು ಏಮೋಸ್.

ಎರಡು ವರ್ಷದ ಹಿಂದೆ, ಮಿನಾಟೋದ ಸಭಾಂಗಣದಲ್ಲಿ ನಡೆದ ರಾಜ್ಯೋತ್ಸವಕ್ಕೆ ಅವರನ್ನು ಕರೆದುಕೊಂಡು ಹೋದವಳು ಅವಳೇ. ನಮ್ಮವರ ಕಾರ್ಯಕ್ರಮದ ಕ್ರಮ ಗೊತ್ತೇ ಇದೆಯಲ್ಲ. ಮೊದಲು ಸ್ವಾಗತ, ಆಮೇಲೆ ಭಾಷಣ, ಆಮೇಲೆ ಭಾಷಣಕ್ಕೆ ವಂದನೆ, ಆಮೇಲೆ ಸನ್ಮಾನ. ಕಲಾವಿದನ ಕಲೆ ಉಳಿದರೆ ಕೊನೆಗೆ. ಹಾಡುವ ಮೊದಲೇ ಏಮೋಸ್ ಅವರ ಟೋಪಿ ತೆಗೆಸಿ ಪೇಟ ಇಟ್ಟರು, ಶಾಲು ಹೊದಿಸಿದರು, ಫೋಟೋ ತೆಗೆದರು. ಟೋಪಿ ಯಾವುದೋ ಮೇಜಿನ ಮೇಲೆ ಬಾಳೆಹಣ್ಣಿನ ಪಕ್ಕ ಕೂತಿತು. ಫೋಟೋ ಆಯಿತಲ್ಲ, ಬಳಗದ ಕೆಲಸ ಅಲ್ಲಿಗೆ ಮುಗಿದಿತ್ತು. ಹರಿಹರನ ಭಾಷಣ ಹನುಮಂತನ ಬಾಲದಂತೆ ಬೆಳೆದು, ಏಮೋಸ್ ಗಿಟಾರು ಹಿಡಿಯುವ ಹೊತ್ತಿಗೆ ಜನ ಊಟದ ಕೋಣೆಯತ್ತ ಮೂಗು ತಿರುಗಿಸಿದ್ದರು. ಎರಡನೆಯ ಚರಣ ಮುಗಿಯಿತು. ಕತ್ತೆ ಮಾರಾಟವಾಯಿತು. ಅಷ್ಟರಲ್ಲಿ ಮೈಕು ಸತ್ತುಹೋಯಿತು.

ಹನ್ನೆರಡೂವರೆಗೆ ಹಾಲ್ ಖಾಲಿ ಮಾಡಬೇಕು, ಜಪಾನಿನ ನಿಯಮ ನಿಮಗೇ ಗೊತ್ತಲ್ಲ ಎಂದು ಹರಿಹರ ಏಮೋಸ್ ಅವರ ಬೆನ್ನು ತಟ್ಟಿದ. ಐವತ್ತು ವರ್ಷ ಜಪಾನಿನಲ್ಲಿದ್ದ ಮನುಷ್ಯ ಅದನ್ನು ನಂಬದೆ ಇರುತ್ತಾರೆಯೇ. ಬಾಗಿಲಲ್ಲಿ ನಿಂತಿದ್ದ ಹಾಲ್‌ನ ಮೇಲ್ವಿಚಾರಕನಿಗೆ ತಗ್ಗಿ ಬಗ್ಗಿ, ಸುಮಿಮಾಸೆನ್, ನನ್ನಿಂದ ತಡವಾಯಿತು ಎಂದು ಕ್ಷಮೆ ಕೇಳಿದರು. ಆತ ಏನೂ ತಿಳಿಯದೆ ತಾನೂ ತಲೆ ಬಾಗಿಸಿದ. ಇಲ್ಲಿ ಬಾಡಿಗೆಗೆ ಪಡೆದವರೇ ಕುರ್ಚಿಗಳನ್ನು ಮಡಚಿ, ಒಪ್ಪವಾಗಿ ಜೋಡಿಸಿ ಹೋಗಬೇಕು. ಏಮೋಸ್ ಹೆಗಲ ಮೇಲಿನ ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಮಡಚಲು ನಿಂತರು. ಆ ವಯಸ್ಸಿನ ಮನುಷ್ಯ. ಊಟದ ಕೋಣೆಯಲ್ಲಿ ಬಳಗದ ಗಂಡಸರು ಬಿಸಿಬೇಳೆಬಾತಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಕಾತ್ಯಾಯಿನಿ ಅವತ್ತು ಬೈದುಕೊಂಡದ್ದು ಹಾಲ್‌ನ ನಿಯಮವನ್ನು.

ಈಗ ನುಡಿನಮನಕ್ಕೆ ಹರಿಹರನಿಗೆ ಅವಳ ಪಿಟೀಲು ಬೇಕಾಗಿತ್ತು. ಫೋನಿನಲ್ಲಿ ಅವಳು, ಅವರು ಹಾಡುತ್ತಿದ್ದದ್ದು ಜಾಝ್ ಅಲ್ಲ, ಟೋಪಿ ಇರುವ ಫೋಟೋ ನನ್ನ ಹತ್ತಿರ ಇದೆ, ಅದನ್ನು ಹಾಕಿ ಎಂದು ತಾಳ್ಮೆಯಿಂದಲೇ ಹೇಳಿದಳು. ಆತ ನಕ್ಕ.

“ಜಾಝ್ ಆದ್ರೇನು, ಕಂಟ್ರಿ ಆದ್ರೇನು ಮೇಡಂ, ಎಲ್ಲಾ ಅವರ ಜನದ್ದೇ ಅಲ್ವಾ. ಪೇಟದ ಫೋಟೋನೇ ಇರ್ಲಿ, ಬಳಗದ ಬ್ಯಾನರ್ ಕಾಣ್ಸುತ್ತೆ.”

ಅವಳು ಫೋನು ಕುಕ್ಕಿದಳು. ಹೋಗುವುದೇ ಬೇಡ ಅನ್ನಿಸಿತು. ಆದರೆ ಎರಡು ವರ್ಷದಿಂದ ಒಂದು ಆಸೆ ಅವಳನ್ನು ಕೊರೆಯುತ್ತಿತ್ತು. ಅದೇ ವೇದಿಕೆಯ ಮೇಲೆ, ಅದೇ ಜನದ ಮುಂದೆ ಆ ಕತ್ತೆಯನ್ನು ಮನೆಗೆ ತಲುಪಿಸಬೇಕು. ಇದು ಕೊನೆಯ ಅವಕಾಶ. ಮುಂದಿನ ವಾರ ಬಳಗಕ್ಕೆ ಇನ್ಯಾರೋ ಸತ್ತಿರುತ್ತಾರೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಪ್ರದೀಪ ಕಾರ್ಯಕ್ರಮದ ಪಟ್ಟಿ ನೋಡುತ್ತಿದ್ದ. ಬಳಗದ ಧ್ವನಿವರ್ಧಕದ ಜವಾಬ್ದಾರಿ ಮೊದಲಿನಿಂದಲೂ ಅವನದೇ.

“ಬೆಳಗಿನ ಸ್ಲಾಟ್, ಹಾಲ್ ಒಂದು ಗಂಟೆವರೆಗೂ ಇದೆ, ಅವರು ಹಾಡಿದ ರಾಜ್ಯೋತ್ಸವದ ಹಾಗೇ,” ಎಂದ. “ಆರಾಮಾಗಿ ನುಡಿಸು.”

ದೋಸೆ ಮಗುಚುತ್ತಿದ್ದ ಅವಳ ಕೈ ನಿಂತಿತು. “ಅವತ್ತು ಹನ್ನೆರಡೂವರೆವರೆಗೆ ಅಂದ್ರಲ್ಲ?”

ಪ್ರದೀಪ ಪಟ್ಟಿಯಿಂದ ತಲೆ ಎತ್ತಲಿಲ್ಲ. ಬಾಯಿ ತಪ್ಪಿ ಬಂದಾಗಿತ್ತು. ದೋಸೆ ಸೀದ ವಾಸನೆ ಬಂದ ಮೇಲೆ ಹೇಳಿದ.

“ಹಾಲ್‌ನೋರು ಏನೂ ಅಂದಿರ್ಲಿಲ್ಲ. ಊಟ ತಣ್ಣಗಾಗ್ತಿದೆ, ಜನ ಎದ್ದು ಹೋಗ್ತಿದಾರೆ ಅಂತ ಹರಿಹರ ಸನ್ನೆ ಮಾಡಿದ್ರು, ಮೈಕ್ ವಾಲ್ಯೂಮ್ ಇಳಿಸಿದೆ. ಏನೋ ಒಂದು ಕಾರಣ ಹೇಳ್ಬೇಕಿತ್ತಲ್ಲ, ಟೈಮ್ ಆಯ್ತು ಅಂದ್ರು.”

“ಅವರು ಬಗ್ಗಿ ಬಗ್ಗಿ ಕ್ಷಮೆ ಕೇಳಿದ್ರು. ನೀನು ನೋಡ್ತಾ ನಿಂತಿದ್ದೆ.”

“ಎರಡು ವರ್ಷ ಆಯ್ತು ಕಾತ್ಯಾ. ಈಗಂತೂ ಅವರೇ ಇಲ್ಲ. ಹಳೇದನ್ನ ಯಾಕೆ ಕೆದಕ್ತೀಯ, ಸುಮ್ನೆ ನುಡಿಸಿ ಬಾ.”

ಅವಳು ಸೀದ ದೋಸೆಯನ್ನೇ ಅವನ ತಟ್ಟೆಗೆ ಹಾಕಿದಳು. ಅವನು ಅದನ್ನೇ ತಿಂದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವನು ಅವತ್ತು ಮೈಕು ಇಳಿಸಿದ್ದಕ್ಕಿಂತ, ಆ ಸುಳ್ಳನ್ನು ಪಕ್ಕದ ದಿಂಬಿನಲ್ಲಿಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅವಳಿಗೆ ಹೆಚ್ಚು ಅಸಹ್ಯವಾಯಿತು.

ಭಾನುವಾರ ಹಾಲ್ ತುಂಬಿತ್ತು. ಅರ್ಧ ಪುಟದ ಮಹಿಮೆ. ಪೇಟದ ಫೋಟೋವನ್ನು ಆಳೆತ್ತರ ಮಾಡಿಸಿ, ಬಿಳಿ ಸೇವಂತಿಗೆ ಹಾರ ಹಾಕಿದ್ದರು. ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಬ್ಯಾಟರಿಯ ದೀಪ ಮಿಣಮಿಣ ಎನ್ನುತ್ತಿತ್ತು. ತಾನೂ ಏಮೋಸ್ ಅವರೂ ಎಷ್ಟು ಆತ್ಮೀಯರಾಗಿದ್ದೆವು ಎಂದು ಹರಿಹರ ಗದ್ಗದಿತನಾದ. ವರ್ಣಭೇದದ ಬಗ್ಗೆ ಮಾತಾಡಿದ. ಆ ಕಂಪನಿಯವರು ಹೊದಿಕೆಯ ಮೇಲೆ ಕುದುರೆ ಹಾಕಿದ್ದನ್ನು ಹೇಳಿ, ಎಂಥ ಜನ ನೋಡಿ ಎಂದು ತಲೆ ಅಲ್ಲಾಡಿಸಿದ. ಮುಂದಿನ ಸಾಲಿನವರೂ ಅಲ್ಲಾಡಿಸಿದರು. ಕಾತ್ಯಾಯಿನಿ ಬದಿಯ ಪರದೆಯ ಹಿಂದೆ ಕೂತು ಪಿಟೀಲಿಗೆ ಶ್ರುತಿ ಮಾಡಿಕೊಂಡಳು.

ಅವಳ ಹೆಸರು ಕೂಗಿದರು. ಮೈಕಿನ ಮುಂದೆ ಹಾಸಿದ್ದ ಜಮಖಾನವನ್ನು ಅವಳು ಎಳೆದುಕೊಂಡು ಹೋಗಿ ವೇದಿಕೆಯ ಆ ತುದಿಯಲ್ಲಿ, ಮೈಕಿನಿಂದ ದೂರ ಹಾಸಿಕೊಂಡು ಕೂತಳು. ಹಿಂದುಗಡೆ ಧ್ವನಿವರ್ಧಕದ ಮೇಜಿನಿಂದ ಪ್ರದೀಪ, ಮುಂದೆ ಬಾ ಎಂದು ಕೈ ಮಾಡಿದ. ಅವಳು ನೋಡದವಳಂತೆ ಇದ್ದಳು.

“ಇದು ಅವರ ಹೇಸರಗತ್ತೆ ಹಾಡು,” ಎಂದಳು. ದನಿ ಎತ್ತಿಯೇ ಹೇಳಬೇಕಾಯಿತು. “ಅವತ್ತು ಇದೇ ಹಾಲ್‌ನಲ್ಲಿ ಎರಡನೇ ಚರಣಕ್ಕೆ ಮೈಕ್ ಆಫ್ ಮಾಡಿದ್ರು. ಟೈಮ್ ಆಯ್ತು ಅಂತ ಅವರಿಗೆ ಸುಳ್ಳು ಹೇಳಿದ್ರು. ಆಗಿರ್ಲಿಲ್ಲ. ಇನ್ನೂ ಅರ್ಧ ಗಂಟೆ ಇತ್ತು. ನಾನು ಮೂರನೇ ಚರಣದಿಂದ ಶುರು ಮಾಡ್ತೀನಿ.”

ಹರಿಹರನ ಗದ್ಗದ ಇಂಗಿಹೋಯಿತು. ಅವಳು ಕಮಾನು ಇಟ್ಟಳು. ಮೊದಲಿಲ್ಲದ ಹಾಡು, ಹಗ್ಗ ಕಿತ್ತುಕೊಂಡು ಓಡುವಲ್ಲಿಂದಲೇ ಎದ್ದಿತು. ಹರಿಹರ ಕತ್ತು ತಿರುಗಿಸಿ, ಎರಡು ವರ್ಷದ ಹಿಂದಿನಂತೆಯೇ, ಹಿಂದಕ್ಕೆ ಸನ್ನೆ ಮಾಡಿದ. ಪ್ರದೀಪ ಅವಳನ್ನು ನೋಡಿದ, ಹರಿಹರನನ್ನು ನೋಡಿದ, ಕೈ ಮೇಜಿಗೆ ಹೋಯಿತು, ಮೈಕಿನ ದನಿ ಇಳಿಸಿತು. ಅವಳು ಅದನ್ನು ವೇದಿಕೆಯಿಂದ ಕಣ್ಣಾರೆ ಕಂಡಳು. ನಾದ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಆ ಕೈ ಏನು ಮಾಡುತ್ತದೆಂದು ಗೊತ್ತಿದ್ದೇ ಅವಳು ಮೈಕು ಬಿಟ್ಟು ಕೂತಿದ್ದಳು. ಆದರೂ, ಇಳಿಸದೆ ಇದ್ದಾನು ಎಂದು ಎಲ್ಲೋ ಒಂದಿಷ್ಟು ಕಾದಿದ್ದಳೆಂಬುದು ಆಗ ತಿಳಿದು ಎದೆ ಉರಿಯಿತು. ಆ ಉರಿಯಲ್ಲಿಯೇ ಹೊಳೆ ದಾಟಿಸಿದಳು, ಮನೆ ಬಾಗಿಲಿಗೆ ತಂದು ನಿಲ್ಲಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹರಿಹರ ಮೈಕು ಹಿಡಿದ, ಪ್ರದೀಪ ಅದನ್ನು ಏರಿಸಿಕೊಟ್ಟ. ಮೇಡಂ ಸ್ವಲ್ಪ ಎಮೋಷನಲ್ ಆಗಿದಾರೆ ಎಂದು ಹರಿಹರ ನಕ್ಕು, ಹಾಲ್‌ನವರು ಕಾಯ್ತಿದಾರೆ, ಟೈಮ್ ಆಯ್ತು, ಎಲ್ಲರೂ ಕುರ್ಚಿ ಮಡಚಿ ಊಟಕ್ಕೆ ಬನ್ನಿ ಎಂದ. ಅದೇ ಮಾತು, ಅದೇ ನಾಲಿಗೆ. ಜನ ಬದುಕಿದೆವೆಂದು ಎದ್ದರು. ಕುರ್ಚಿಗಳ ಸದ್ದು ಹಾಲ್ ತುಂಬಿತು.

ಕಾತ್ಯಾಯಿನಿ ವೇದಿಕೆ ಇಳಿದು ಬಂದು, ಹಾಲ್‌ನ ನಟ್ಟನಡುವೆ ನೆಲದ ಮೇಲೆ ಕಾಲು ಮಡಿಸಿ ಕೂತಳು. ಕುರ್ಚಿ ಹೊತ್ತವರು ಅವಳನ್ನು ಬಳಸಿಕೊಂಡು ಹೋಗಬೇಕಾಯಿತು. ಪ್ರದೀಪ ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಬಂದು ನಿಂತ. ಎಲ್ಲರೂ ನೋಡ್ತಿದಾರೆ, ಏಳು, ಮನೆಗೆ ಹೋಗಿ ಮಾತಾಡೋಣ ಎಂದು ಪಿಸುಗುಟ್ಟಿದ.

ಅವಳು ಪಿಟೀಲನ್ನು ಮತ್ತೆ ಪಾದಕ್ಕೆ ಆನಿಸಿಕೊಂಡು, ಗೋಡೆಯ ಗಡಿಯಾರದತ್ತ ಕಮಾನು ಚಾಚಿದಳು.

“ಒಂದು ಗಂಟೆವರೆಗೂ ಇದೆ ಅಂದಿದ್ದು ನೀನೇ. ಇನ್ನೂ ಟೈಮ್ ಇದೆ.”

ಹಾಡನ್ನು ಈ ಸಲ ಮೊದಲ ಚರಣದಿಂದ ಎತ್ತಿಕೊಂಡಳು.